ಭೀಮಾತೀರದ ಪ್ರಾಚೀನತೆ: ಮೊದಲ ಶೋಧಕರ ಕಾಲನಿರ್ಣಯದಲ್ಲಾದ ತಪ್ಪುಗಳು

ಆಳಂದದ ಸೀಮೆಯಿಂದ ಇಳಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಹಾಗೆ ತುಂಬಿಕೊಂಡ ಭೀಮೆಯು ಜೇವರ್ಗಿಯ ಎರೆಭೂಮಿಯ ಅಂಚಿನಲ್ಲಿ ಸಾಗಿ ಸನ್ನತಿಯ ಕಡೆಗೆ ಹರಿಯುತ್ತದೆ. ಮಾನ್ಯಖೇಟದ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿಯೂ ಕಡೆಗೆ ಇದೇ ಭೀಮೆಗೆ ಸೇರುತ್ತದೆ. ಈ ನದಿಗಳ ದಂಡೆಯಲ್ಲಿ ಮನುಷ್ಯವಾಸ ಎಷ್ಟು ಹಳೆಯದು ಎಂದು ಕೇಳಿದರೆ, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಬಹಮನಿ ಸುಲ್ತಾನರು ಎಂಬ ಕ್ರಮದಲ್ಲಿ ಉತ್ತರ ಬರುವುದು ವಾಡಿಕೆ. ಆಳಂದವು ಚಾಲುಕ್ಯರ ಶಾಸನಗಳಲ್ಲಿ ಆಳಂದೆ ಸಾಸಿರವೆಂಬ ನಾಡಾಗಿ ಹೆಸರು ಪಡೆದಿದೆ. ಮಾನ್ಯಖೇಟದಲ್ಲಿ ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರನ್ನು ಅರಿಯದ ಜೈನರಿಲ್ಲ. ಆದರೆ ಶಾಸನಗಳನ್ನು ಕಲ್ಲಿನಲ್ಲಿ ಕೊರೆಯುವ ಪದ್ಧತಿ ಹುಟ್ಟುವುದಕ್ಕೆ ಮೊದಲೇ ಈ ನೆಲದಲ್ಲಿ ಜನರು ಬಾಳಿದ್ದರು, ದನ ಸಾಕಿದ್ದರು, ಕಬ್ಬಿಣ ಕರಗಿಸಿದ್ದರು, ಸತ್ತವರನ್ನು ಗೌರವದಿಂದ ಮಣ್ಣಿಗೆ ಒಪ್ಪಿಸಿದ್ದರು. ಅವರ ಕಾಲವನ್ನು ಮೊದಲ ಶೋಧಕರು ಹೇಗೆ ತಪ್ಪಾಗಿ ಎಣಿಸಿದರು, ಆ ಲೆಕ್ಕ ಹೇಗೆ ತಿದ್ದಲ್ಪಟ್ಟಿತು, ಅದರಿಂದ ಇಂದಿನ ಸಮಾಜವು ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಜೇವರ್ಗಿಯ ಕಲ್ಲುಗೋರಿಗಳು

ಈ ಕಥೆಯ ಆರಂಭವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅದು ಜೇವರ್ಗಿಯಲ್ಲಿಯೇ ಇದೆ. ಸುರಪುರ ಸಂಸ್ಥಾನದ ಅರಸನು ಇನ್ನೂ ಬಾಲಕನಾಗಿದ್ದಾಗ ಆಡಳಿತದ ಮೇಲ್ವಿಚಾರಣೆಗೆಂದು 1841ರಲ್ಲಿ ಬಂದ ಮೆಡೋಸ್ ಟೇಲರ್ ಅವರ ಹೆಸರು ಈ ಭಾಗದ ಹಿರಿಯರಿಗೆ ಪರಿಚಿತವಾದದ್ದು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಅವರ ನೆನಪನ್ನು ಉಳಿಸಿದೆ. ಅವರು ಆಡಳಿತಗಾರರೂ ಕಾದಂಬರಿಕಾರರೂ ಆಗಿದ್ದಂತೆಯೇ ಹಳೆಯ ವಸ್ತುಗಳಲ್ಲಿ ಅಪಾರ ಕುತೂಹಲವುಳ್ಳವರೂ ಆಗಿದ್ದರು. ಭೀಮಾತೀರದ ಫಿರೋಜಾಬಾದಿಗೆ ಸಮೀಪದ ಜೇವರ್ಗಿಯಲ್ಲಿ ಗುಂಡುಕಲ್ಲುಗಳನ್ನು ವೃತ್ತಾಕಾರವಾಗಿ ಇಟ್ಟು, ನಡುವೆ ಕಲ್ಲುಗಳನ್ನು ಗುಡ್ಡೆ ಹಾಕಿದ ಅನೇಕ ರಚನೆಗಳು ಅವರ ಕಣ್ಣಿಗೆ ಬಿದ್ದವು. ಕೆಲವನ್ನು ಅಗೆಸಿ ನೋಡಿದರು. ಒಳಗೆ ಮನುಷ್ಯರ ಅಸ್ಥಿಗಳು, ಕೆಂಪು ಮತ್ತು ಕಪ್ಪು ಬಣ್ಣದ ಹೊಳಪಿನ ಮಡಕೆಗಳು, ಕಬ್ಬಿಣದ ಆಯುಧಗಳು ದೊರೆತವು. ಈ ಶೋಧದ ವಿವರವು 1851ರ ಸುಮಾರಿಗೆ ಮುಂಬಯಿಯ ಏಷಿಯಾಟಿಕ್ ಸೊಸೈಟಿ ಶಾಖೆಯ ಪತ್ರಿಕೆಯಲ್ಲಿಯೂ, ಮುಂದೆ 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿಯೂ ಅಚ್ಚಾಯಿತು. ಕಲಬುರಗಿ ಸೀಮೆಯ ಒಂದು ಊರಿನ ನೆಲದಡಿಯ ಸಂಗತಿಯು ಹೀಗೆ ಲೋಕದ ವಿದ್ವಾಂಸರ ಕೈಸೇರಿತು.

ಟೇಲರ್ ಅವರ ಕೆಲಸದ ಒಂದು ಗುಣವನ್ನು ಮೊದಲಿಗೇ ಹೇಳಬೇಕು. ಆ ಕಾಲದ ಬಹುಪಾಲು ಜನರು ಗೋರಿಗಳನ್ನು ಅಗೆಯುತ್ತಿದ್ದುದು ನಿಧಿಯ ಆಸೆಗೆ ಅಥವಾ ಚಂದದ ವಸ್ತುವಿನ ಆಸೆಗೆ. ಟೇಲರ್ ಅವರು ಅಗೆದ ಗುಂಡಿಯ ಅಡ್ಡಕೊಯ್ತದ ಚಿತ್ರವನ್ನು ಬರೆದಿಟ್ಟರು. ಯಾವ ಪದರದಲ್ಲಿ ಮಣ್ಣು, ಯಾವ ಪದರದಲ್ಲಿ ಕಲ್ಲು, ಎಲ್ಲಿ ಅಸ್ಥಿ, ಎಲ್ಲಿ ಮಡಕೆ ಎಂಬುದನ್ನು ಗುರುತಿಸಿದರು. ನೂರು ವರ್ಷಗಳ ಮೇಲೆ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಈ ಚಿತ್ರಗಳನ್ನು ಮೆಚ್ಚಿ ತಮ್ಮ ಗ್ರಂಥದಲ್ಲಿ ಉದಾಹರಿಸಿದರು.

ನೋಡಿದುದನ್ನು ಇಷ್ಟು ಸರಿಯಾಗಿ ಬರೆದ ಟೇಲರ್ ಅವರು ಅದರ ಅರ್ಥ ಹೇಳುವಾಗ ಎಡವಿದರು. ತಮ್ಮ ದೇಶದ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿಯೂ ಇಂತಹ ಕಲ್ಲುವೃತ್ತಗಳು ಇದ್ದುದನ್ನು ಅವರು ಬಲ್ಲರು. ಎರಡೂ ಕಡೆಯ ರಚನೆಗಳು ಒಂದೇ ಬಗೆಯಾಗಿರುವುದರಿಂದ ಕಟ್ಟಿದವರೂ ಒಂದೇ ಕುಲದವರಿರಬೇಕೆಂದು ಅವರು ತರ್ಕಿಸಿದರು. ಹೀಗೆ ಜೇವರ್ಗಿಯ ಕಲ್ಲುಗೋರಿಗಳು ಅವರ ಲೇಖನದಲ್ಲಿ ಕೆಲ್ಟರ, ಡ್ರೂಯಿಡ್ ಪುರೋಹಿತರ, ಮಧ್ಯ ಏಷ್ಯದ ಸಿಥಿಯನ್ನರ ಕೃತಿಗಳಾದವು. ಕೆಲವು ಗೋರಿಗಳಲ್ಲಿ ತಲೆಬುರುಡೆಯು ದೇಹದಿಂದ ಬೇರೆಯಾಗಿ ದೊರೆತುದನ್ನು ಕಂಡು ನರಬಲಿಯನ್ನು ಊಹಿಸಿದರು. ಶವವನ್ನು ಬೇರೆ ಕಡೆ ಇರಿಸಿ, ಮಾಂಸ ಕರಗಿದ ಮೇಲೆ ಅಸ್ಥಿಗಳನ್ನು ಆಯ್ದು ತಂದು ಹೂಳುವ ಪದ್ಧತಿ ಬೃಹತ್ ಶಿಲಾಯುಗದ ಜನರಲ್ಲಿ ವ್ಯಾಪಕವಾಗಿತ್ತೆಂಬುದು ಮುಂದಿನ ಉತ್ಖನನಗಳಿಂದ ತಿಳಿದುಬಂತು. ಅಸ್ಥಿಗಳು ಬಿಡಿಬಿಡಿಯಾಗಿ ದೊರೆತ ಮಾತ್ರಕ್ಕೆ ಬಲಿಯೆಂದು ತೀರ್ಮಾನಿಸಬೇಕಾಗಿಲ್ಲ.

ಇತ್ತ ಸ್ಥಳೀಯ ಜನರು ಇಂತಹ ಕಲ್ಲುಮನೆಗಳನ್ನು ಮೋರ್ಯರ ಮನೆಗಳೆಂದೂ ಪಾಂಡವರ ಮನೆಗಳೆಂದೂ ಕರೆಯುತ್ತಿದ್ದರು. ಮೋರ್ಯರು ಗಿಡ್ಡ ಮನುಷ್ಯರೆಂಬ ಕಥೆಯೂ ಇತ್ತು. ಸಾಹೇಬರು ಪರದೇಶದವರನ್ನು ಕರೆತಂದರು, ಹಳ್ಳಿಗರು ಗಿಡ್ಡರನ್ನೂ ವೀರರನ್ನೂ ಕರೆತಂದರು. ತಮ್ಮ ಹಾಗೆಯೇ ಇದ್ದ ಸಾಮಾನ್ಯ ಒಕ್ಕಲಿಗರು, ದನಗಾಹಿಗಳು, ಕಮ್ಮಾರರು, ಕುಂಬಾರರು ಇವುಗಳನ್ನು ಕಟ್ಟಿರಬಹುದೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಅಳತೆಗೋಲಿನ ದೋಷ

ಟೇಲರ್ ಅವರ ಕಾಲದ ವಿದ್ವಾಂಸರ ಮೇಲೆ ಮಾತ್ರ ತಪ್ಪು ಹೊರಿಸುವುದು ನ್ಯಾಯವಲ್ಲ. ಅವರ ಕೈಯಲ್ಲಿದ್ದ ಅಳತೆಗೋಲೇ ಗಿಡ್ಡದಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಐರ್ಲೆಂಡಿನ ಧರ್ಮಾಧಿಕಾರಿ ಅಷರ್ ಎಂಬವರು ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ ಲೋಕವು ಕ್ರಿ.ಪೂ. 4004ರಲ್ಲಿ ಸೃಷ್ಟಿಯಾಯಿತೆಂದು ಗುಣಿಸಿದ್ದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಐರೋಪ್ಯ ವಿದ್ಯಾವಂತರಲ್ಲಿ ಅನೇಕರು ಮನುಷ್ಯನ ಇಡೀ ಚರಿತ್ರೆಯನ್ನು ಆರು ಸಾವಿರ ವರ್ಷಗಳೊಳಗೆ ಅಡಕಿಸಲು ಯತ್ನಿಸಿದರು. ಸಣ್ಣ ಚೀಲದಲ್ಲಿ ದೊಡ್ಡ ರಾಶಿಯನ್ನು ತುಂಬಲು ಹೊರಟರೆ ಕಾಳು ಹೊರಗೆ ಚೆಲ್ಲಲೇಬೇಕು. ಅವರ ಲೆಕ್ಕದಿಂದ ಹೊರಗೆ ಚೆಲ್ಲಿಹೋದದ್ದು ಮನುಷ್ಯಚರಿತ್ರೆಯ ಬಹುಪಾಲು ಭಾಗ.

ಆ ಲೆಕ್ಕವನ್ನು ಭಾರತದಲ್ಲಿ ಮುರಿದವರಲ್ಲಿ ಮೊದಲಿಗರು ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ಮನುಷ್ಯನು ಕೆತ್ತಿದ ಶಿಲಾಯುಧವೊಂದು ದೊರೆಯಿತು. ಮುಂದೆ ಅವರು ಕರ್ನಾಟಕದ ಬಯಲುಸೀಮೆಯನ್ನೆಲ್ಲ ಸುತ್ತಿ ನೂರಾರು ನೆಲೆಗಳನ್ನು ಗುರುತಿಸಿದರು. ಜೇವರ್ಗಿಗೆ ನೆರೆಯ ಸುರಪುರ ಸೀಮೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಕೆ. ಪದ್ದಯ್ಯ ಅವರು 1970ರ ದಶಕದಿಂದ ನಡೆಸಿದ ಶೋಧನೆಯು ಈ ಮಾತಿಗೆ ಇನ್ನೂ ಆಳವಾದ ಬುನಾದಿಯನ್ನು ಕೊಟ್ಟಿತು. ಅಲ್ಲಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಗಳಿಂದ ಆಯುಧಗಳನ್ನು ಕೆತ್ತಿದ ಕಣವೇ ದೊರೆತಿದೆ. ಅಲ್ಲಿ ಸಿಕ್ಕಿದ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯ ಆಧಾರದಿಂದ ಅದು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು 2002ರಲ್ಲಿ ಪ್ರಕಟವಾಯಿತು. ಆರು ಸಾವಿರ ವರ್ಷಗಳೆಲ್ಲಿ, ಹನ್ನೆರಡು ಲಕ್ಷ ವರ್ಷಗಳೆಲ್ಲಿ!

ತಪ್ಪು ಎಣಿಕೆಯು ಪರದೇಶದ ಬಗ್ಗೆ ಮಾತ್ರ ನಡೆಯಿತೆಂದೂ ತಿಳಿಯಬಾರದು. ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು ಬರೆದು ಕೀರ್ತಿ ಗಳಿಸಿದ ಜೇಮ್ಸ್ ಫರ್ಗುಸನ್ ಅವರು 1872ರಲ್ಲಿ ಬೃಹತ್ ಶಿಲಾರಚನೆಗಳ ಬಗ್ಗೆ ಒಂದು ಗ್ರಂಥವನ್ನು ಪ್ರಕಟಿಸಿದರು. ಇಂಗ್ಲೆಂಡಿನ ಪ್ರಸಿದ್ಧ ಸ್ಟೋನ್‌ಹೆಂಜ್ ರೋಮನರು ಹೊರಟುಹೋದ ಮೇಲೆ, ಎಂದರೆ ಕ್ರಿಸ್ತಶಕದಲ್ಲಿ ಕಟ್ಟಲ್ಪಟ್ಟಿತೆಂದು ಅವರು ವಾದಿಸಿದರು. ಆ ರಚನೆಯ ಆರಂಭ ಕ್ರಿ.ಪೂ. 3000ದ ಸುಮಾರಿನದೆಂದು ಈಗ ಸ್ಥಿರಪಟ್ಟಿದೆ. ತಮ್ಮ ಮನೆಯಂಗಳದ ಕಲ್ಲಿನ ವಯಸ್ಸಿನಲ್ಲಿಯೇ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ವ್ಯತ್ಯಾಸ ಮಾಡಿದವರು ಜೇವರ್ಗಿಯ ಕಲ್ಲಿನ ವಯಸ್ಸನ್ನು ಸರಿಯಾಗಿ ಹೇಳಿಯಾರೆಂದು ನಿರೀಕ್ಷಿಸಲಾಗದು.

ಹರಪ್ಪ ಮತ್ತು ಮೊಹೆಂಜೊದಾರೊ

ಕಣ್ಣಳತೆಯಿಂದ ಕಾಲ ಹೇಳುವುದರ ಅಪಾಯಕ್ಕೆ ಸಿಂಧೂ ಕಣಿವೆಯ ನಗರಗಳೇ ದೊಡ್ಡ ದೃಷ್ಟಾಂತ. ಭಾರತದ ಪುರಾತತ್ತ್ವ ಇಲಾಖೆಯ ಮೊದಲ ಮುಖ್ಯಸ್ಥರಾದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅವರು ಹರಪ್ಪಕ್ಕೆ ಹಲವು ಸಲ ಹೋಗಿದ್ದರು. ಅಷ್ಟರಲ್ಲಿ ಲಾಹೋರ್ ಮತ್ತು ಮುಲ್ತಾನ್ ನಡುವಣ ರೈಲುಮಾರ್ಗದ ಗುತ್ತಿಗೆದಾರರು ಅಲ್ಲಿಯ ಇಟ್ಟಿಗೆಗಳನ್ನು ಹೊತ್ತೊಯ್ದು ಹಳಿಗಳಡಿ ಹಾಸಿದ್ದರು. ಅಲ್ಲಿ ದೊರೆತ ಒಂದು ಮುದ್ರೆಯನ್ನು ಕನ್ನಿಂಗ್‌ಹ್ಯಾಮ್ ಅವರು 1875ರ ವರದಿಯಲ್ಲಿ ಪ್ರಕಟಿಸಿದರು. ಮುದ್ರೆಯ ಮೇಲಿನ ಎತ್ತಿಗೆ ಇಣಿ ಇಲ್ಲ, ಅಕ್ಷರಗಳು ಪರಿಚಿತವಲ್ಲ, ಆದ್ದರಿಂದ ಮುದ್ರೆ ಭಾರತದ್ದಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ಇಣಿಯುಳ್ಳ ಎತ್ತಿನ ಮುದ್ರೆಗಳೂ ಅದೇ ಮಣ್ಣಿನಡಿಯಲ್ಲಿ ಇದ್ದವು. ಅವು ಹೊರಬರಲು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಮೊಹೆಂಜೊದಾರೊವಿನ ಕಥೆ ಇನ್ನೂ ವಿಚಿತ್ರ. 1911–12ರಲ್ಲಿ ಆ ದಿಬ್ಬವನ್ನು ನೋಡಿದವರು ಪರದೇಶದವರಲ್ಲ, ಭಾರತದ ಘನವಿದ್ವಾಂಸರಾದ ದೇವದತ್ತ ರಾಮಕೃಷ್ಣ ಭಾಂಡಾರ್ಕರ್. ಅಲ್ಲಿಯ ಇಟ್ಟಿಗೆಗಳು ಈಚಿನ ಮಾದರಿಯವಾಗಿ ಕಂಡದ್ದರಿಂದ ಅದು ಕೇವಲ ಇನ್ನೂರು ವರ್ಷಗಳ ಹಿಂದಿನ ಹಾಳೂರೆಂದು ಅವರು ವರದಿ ಬರೆದರು. 1922ರಲ್ಲಿ ರಾಖಾಲದಾಸ ಬ್ಯಾನರ್ಜಿಯವರು ಅಲ್ಲಿ ಗುದ್ದಲಿ ಹಾಕಿಸಿದಾಗ ಹರಪ್ಪದ ಮಾದರಿಯ ಮುದ್ರೆಗಳೇ ಹೊರಬಂದವು. 1924ರ ಸೆಪ್ಟೆಂಬರಿನಲ್ಲಿ ಜಾನ್ ಮಾರ್ಷಲ್ ಅವರು ಲಂಡನ್ನಿನ ಪತ್ರಿಕೆಯೊಂದರಲ್ಲಿ ಈ ಶೋಧವನ್ನು ಲೋಕಕ್ಕೆ ಸಾರಿದಾಗಲೂ ಅದರ ಕಾಲವನ್ನು ಅವರು ನಿಶ್ಚಯಿಸಿರಲಿಲ್ಲ. ಮೆಸಪೊಟೇಮಿಯಾದಲ್ಲಿ ದೊರೆತ ಮುದ್ರೆಗಳೊಡನೆ ಅವುಗಳ ಹೋಲಿಕೆಯನ್ನು ಅಲ್ಲಿಯ ತಜ್ಞರು ತೋರಿಸಿದ ಮೇಲೆ ಭಾರತದ ನಾಗರಿಕತೆ ಒಂದೇಟಿಗೆ ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಸರಿಯಿತು. ಇನ್ನೂರು ವರ್ಷದ ಹಾಳೂರೆನಿಸಿಕೊಂಡದ್ದು ನಾಲ್ಕೂವರೆ ಸಾವಿರ ವರ್ಷದ ಮಹಾನಗರವಾಯಿತು.

ಇಲ್ಲಿ ಗಮನಿಸಬೇಕಾದದ್ದೆಂದರೆ ಭಾಂಡಾರ್ಕರ್ ಅವರಿಗೆ ವಿದ್ವತ್ತು ಕಡಿಮೆಯಿರಲಿಲ್ಲ, ದೇಶಾಭಿಮಾನವೂ ಕಡಿಮೆಯಿರಲಿಲ್ಲ. ಅವರು ಕಣ್ಣಿನಿಂದ ನೋಡಿ ತೀರ್ಪು ಕೊಟ್ಟರು. ಬಂಗಾರದ ಬಣ್ಣವನ್ನು ಕಣ್ಣಿನಿಂದ ನೋಡಬಹುದು, ಅದರ ಕಸವನ್ನು ಮಾತ್ರ ಒರೆಗಲ್ಲೇ ಹೇಳಬೇಕು.

ಬೂದಿದಿಬ್ಬಗಳ ಪಾಠ

ಕರ್ನಾಟಕದ ನೆಲಕ್ಕೆ ಮರಳಿದರೆ ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳ ಬೂದಿದಿಬ್ಬಗಳು ಇಂತಹ ಇನ್ನೊಂದು ಒಗಟು. ಸುಟ್ಟು ಗಟ್ಟಿಯಾದ ಬೂದಿಯ ಈ ಗುಡ್ಡೆಗಳನ್ನು ಜನರು ರಾಕ್ಷಸರ ಚಿತೆಯ ಬೂದಿಯೆಂದು ನಂಬಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಿಂದಲೂ ಸರ್ಕಾರಿ ಅಧಿಕಾರಿಗಳು ಇವುಗಳ ಬಗ್ಗೆ ಬರೆದಿದ್ದಾರೆ. ವಿಜಯನಗರದ ಚರಿತ್ರೆಯನ್ನು ಬರೆದ ರಾಬರ್ಟ್ ಸೀವೆಲ್ ಅವರು 1899ರಲ್ಲಿ, ಇವು ಮಧ್ಯಯುಗದಲ್ಲಿ ಸ್ತ್ರೀಯರು ಸಾಮೂಹಿಕವಾಗಿ ಸಹಗಮನ ಮಾಡಿದ ಚಿತೆಗಳ ಅವಶೇಷಗಳಿರಬಹುದೆಂದು ಸೂಚಿಸಿದರು. ವಿಜಯನಗರವನ್ನು ಅಭ್ಯಾಸ ಮಾಡಿದವರಿಗೆ ಬೂದಿಯಲ್ಲಿಯೂ ವಿಜಯನಗರವೇ ಕಂಡಿತು.

ಬ್ರೂಸ್ ಫೂಟ್ ಅವರು ಮಾತ್ರ ದಿಬ್ಬಗಳ ಸುತ್ತಲೂ ಬಿದ್ದಿದ್ದ ಉಜ್ಜಿ ನಯಮಾಡಿದ ಕಲ್ಲುಕೊಡಲಿಗಳನ್ನು ಗಮನಿಸಿ, ಇವು ನವಶಿಲಾಯುಗದ ದನಗಾಹಿಗಳಿಗೆ ಸೇರಿದವೆಂದು ಹೇಳಿದರು. 1957ರಲ್ಲಿ ಕೃಷ್ಣಾತೀರಕ್ಕೆ ಸಮೀಪದ ಉತ್ನೂರಿನಲ್ಲಿ ರೇಮಂಡ್ ಆಲ್ಚಿನ್ ಅವರು ಅಗೆದಾಗ ಆ ಮಾತು ಸಿದ್ಧವಾಯಿತು. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಬೇಲಿಯ ಗೂಟಗಳ ಕುಳಿಗಳೂ ದೊರೆತವು. ದನದ ದೊಡ್ಡಿಯಲ್ಲಿ ಸೇರಿದ ಸೆಗಣಿಯನ್ನು ಆಗಾಗ ಸುಟ್ಟುದರಿಂದ ಈ ದಿಬ್ಬಗಳು ಬೆಳೆದಿದ್ದವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯ ಅವರು ನಡೆಸಿದ ವಿಸ್ತಾರವಾದ ಉತ್ಖನನವು ದೊಡ್ಡಿಯೊಡನೆ ಜನರ ವಾಸದ ಗುಡಿಸಲುಗಳನ್ನೂ ಬೆಳಕಿಗೆ ತಂದಿತು. ಇವು ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ಮಾತು. ಇಂದು ಭೀಮಾತೀರದ ರೈತನು ಕೊಟ್ಟಿಗೆಯನ್ನು ಬಳಿದು ತಿಪ್ಪೆ ಸೇರಿಸುವಾಗ ಆ ಬಹು ಹಳೆಯ ಒಕ್ಕಲುತನದ ಎಳೆಯೊಂದು ಇನ್ನೂ ಹರಿಯದೆ ಬಂದಿದೆ ಎನ್ನಬಹುದು.

ಬ್ರಹ್ಮಗಿರಿಯಿಂದ ಹಳ್ಳೂರಿಗೆ

ಕಲ್ಲುಗೋರಿಗಳ ಕಾಲವನ್ನು ಪದರಗಳ ಆಧಾರದಿಂದ ನಿರ್ಣಯಿಸುವ ಮೊದಲ ದೊಡ್ಡ ಪ್ರಯತ್ನವನ್ನು ವೀಲರ್ ಅವರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾಡಿದರು. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಿಂದ ಆ ಸ್ಥಳ ಮೊದಲೇ ಪ್ರಸಿದ್ಧವಾಗಿತ್ತು. ಮೈಸೂರಿನ ಎಂ. ಎಚ್. ಕೃಷ್ಣ ಅವರು ಅಲ್ಲಿ ಅಗೆತದ ಕೆಲಸವನ್ನು ಆರಂಭಿಸಿದ್ದರು. ವೀಲರ್ ಅವರಿಗೆ ಮೇಲಿನ ಪದರದ ಕಾಲ ಸಾಕಷ್ಟು ಖಚಿತವಾಗಿ ಗೊತ್ತಿತ್ತು. ರೋಮನ್ ವ್ಯಾಪಾರದ ಕಾಲದ ಮಡಕೆಗಳೂ ನಾಣ್ಯಗಳೂ ಅದಕ್ಕೆ ಸಾಕ್ಷಿಯಾಗಿದ್ದವು. ಅಲ್ಲಿಂದ ಕೆಳಗಿನ ಪದರಗಳಿಗೆ ಅವರು ಅಂದಾಜಿನಿಂದ ಇಳಿದರು. ಕಲ್ಲುಗೋರಿಗಳನ್ನು ಕಟ್ಟಿದ ಜನರು ಕ್ರಿ.ಪೂ. 200ರ ಸುಮಾರಿಗೆ ಬಂದರೆಂದೂ ಅದಕ್ಕೆ ಹಿಂದಿನ ಕಲ್ಲುಕೊಡಲಿಯ ಜನರು ಕ್ರಿ.ಪೂ. ಒಂದನೆಯ ಸಹಸ್ರಮಾನದ ಆರಂಭದವರೆಂದೂ ನಿರ್ಣಯಿಸಿದರು. ಅಂತಹ ದೊಡ್ಡವರ ಮಾತನ್ನು ಬಹುಕಾಲ ಪಠ್ಯಪುಸ್ತಕಗಳು ಹಾಗೆಯೇ ಪಾಠಮಾಡಿದವು.

ಎರಡೇ ವರ್ಷಗಳಲ್ಲಿ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬಿ ಅವರು ಇಂಗಾಲ–14ರ ವಿಧಾನವನ್ನು ಪ್ರಕಟಿಸಿದರು. ಅದರ ತತ್ತ್ವ ಸರಳ. ಜೀವವಿರುವ ಗಿಡ, ಪ್ರಾಣಿ, ಮನುಷ್ಯರೆಲ್ಲರೂ ಗಾಳಿ ಮತ್ತು ಆಹಾರದಿಂದ ಒಂದು ವಿಶೇಷ ಬಗೆಯ ಇಂಗಾಲವನ್ನು ಅತ್ಯಲ್ಪ ಪ್ರಮಾಣದಲ್ಲಿ ಪಡೆಯುತ್ತಿರುತ್ತಾರೆ. ಜೀವ ಹೋದೊಡನೆ ಜಮಾ ನಿಲ್ಲುತ್ತದೆ, ಖರ್ಚು ಮಾತ್ರ ಸಾಗುತ್ತದೆ. ಸುಮಾರು 5,730 ವರ್ಷಗಳಿಗೆ ಇದ್ದುದರಲ್ಲಿ ಅರ್ಧ ಕರಗುತ್ತದೆ, ಮತ್ತೆ ಅಷ್ಟೇ ಕಾಲಕ್ಕೆ ಉಳಿದುದರಲ್ಲಿ ಅರ್ಧ ಕರಗುತ್ತದೆ. ಒಂದು ತುಂಡು ಇದ್ದಿಲಿನಲ್ಲಿಯೋ ಸುಟ್ಟ ಧಾನ್ಯದಲ್ಲಿಯೋ ಉಳಿದಿರುವ ಶಿಲ್ಕನ್ನು ಅಳೆದರೆ ಖಾತೆ ಎಂದು ಮುಚ್ಚಿತೆಂಬುದು ತಿಳಿಯುತ್ತದೆ. ಈ ಲೆಕ್ಕಕ್ಕೂ ಕೆಲವು ತಿದ್ದುಪಡಿಗಳು ಬೇಕಾಗುತ್ತವೆ. ಬಹು ಹಳೆಯ ಮರಗಳ ವರ್ಷಬಳೆಗಳನ್ನು ಎಣಿಸಿ ಆ ತಿದ್ದುಪಡಿಯ ಕೋಷ್ಟಕಗಳನ್ನು ಮಾಡಲಾಗಿದೆ.

ಈ ಒರೆಗಲ್ಲಿನ ಮೇಲೆ ಬ್ರಹ್ಮಗಿರಿಯ ಅಂದಾಜು ನಿಲ್ಲಲಿಲ್ಲ. ಹಾವೇರಿ ಜಿಲ್ಲೆಯ ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನದಲ್ಲಿ ಕಬ್ಬಿಣದ ವಸ್ತುಗಳಿದ್ದ ಪದರದ ಇದ್ದಿಲನ್ನು ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸಲಾಯಿತು. ಕಾಲವು ಕ್ರಿ.ಪೂ. 1000ದ ಸುಮಾರಿಗೆ ಬಂತು. ಒಂದು ಹಿಡಿ ಇದ್ದಿಲಿನಿಂದ ದಕ್ಷಿಣದ ಕಬ್ಬಿಣಯುಗ ಎಂಟುನೂರು ವರ್ಷ ಹಿಂದಕ್ಕೆ ಹೋಯಿತು. ನವಶಿಲಾಯುಗವೂ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಕಬ್ಬಿಣದ ಪ್ರಾಚೀನತೆಯನ್ನು ಇನ್ನೂ ಬಹಳ ಹಿಂದಕ್ಕೆ ಒಯ್ಯುವ ಕಾಲನಿರ್ಣಯಗಳನ್ನು ತಮಿಳುನಾಡು ಸರ್ಕಾರವು 2025ರ ಜನವರಿಯಲ್ಲಿ ಪ್ರಕಟಿಸಿತು. ವಿದ್ವಾಂಸರು ಅವನ್ನು ಪರಿಶೀಲಿಸುತ್ತಿದ್ದಾರೆ. ಟೇಲರ್ ಅವರು ಜೇವರ್ಗಿಯಲ್ಲಿ ಕೈಯಲ್ಲಿ ಹಿಡಿದು ನೋಡಿದ ತುಕ್ಕುಹಿಡಿದ ಕಬ್ಬಿಣವು ಇದೇ ದೀರ್ಘ ಪರಂಪರೆಗೆ ಸೇರಿದುದು. ಅದಕ್ಕೆ ಕೆಲ್ಟರ ಸಹಾಯ ಬೇಕಾಗಿರಲಿಲ್ಲ.

ಜೈನಧರ್ಮದ ವಯಸ್ಸಿನ ಬಗ್ಗೆ ಆದ ತಪ್ಪು

ನಾಗರಿಕತೆಗಳಿಗೆ ಆದಂತೆಯೇ ಜೈನಧರ್ಮದ ವಯಸ್ಸಿಗೂ ಆಯಿತು. ಹತ್ತೊಂಬತ್ತನೆಯ ಶತಮಾನದ ಬಹುಭಾಗ ವಿಲ್ಸನ್, ಲಾಸೆನ್, ವೇಬರ್ ಮೊದಲಾದ ಪ್ರಸಿದ್ಧ ಪ್ರಾಚ್ಯವಿದ್ಯಾ ಪಂಡಿತರು ಜೈನಧರ್ಮವನ್ನು ಬೌದ್ಧಧರ್ಮದ ಒಂದು ಕವಲೆಂದೇ ಎಣಿಸಿದ್ದರು. ಎರಡರಲ್ಲಿಯೂ ಅಹಿಂಸೆ ಇದೆ, ಸಂನ್ಯಾಸಿಗಳ ಸಂಘವಿದೆ, ಧ್ಯಾನಮುದ್ರೆಯ ಮೂರ್ತಿಗಳಿವೆ, ಆದ್ದರಿಂದ ಒಂದು ಇನ್ನೊಂದರಿಂದ ಹುಟ್ಟಿರಬೇಕು ಎಂಬುದು ಅವರ ವಾದ. ಹೋಲಿಕೆಯನ್ನೇ ಜನ್ಮಪತ್ರವೆಂದು ತಿಳಿಯುವ ಈ ದೋಷವು ಜೇವರ್ಗಿಯ ಕಲ್ಲುಗಳಲ್ಲಿ ಐರ್ಲೆಂಡನ್ನು ಕಂಡ ದೋಷದ ಒಡಹುಟ್ಟು.

ಇದನ್ನು ತಿದ್ದಿದವರು ಜರ್ಮನಿಯ ಹರ್ಮನ್ ಯಾಕೋಬಿ. 1879ರಲ್ಲಿ ಶ್ವೇತಾಂಬರ ಪರಂಪರೆಯ ಕಲ್ಪಸೂತ್ರವನ್ನು ಸಂಪಾದಿಸುವಾಗಲೂ, 1884ರಲ್ಲಿ ಜೈನಸೂತ್ರಗಳನ್ನು ಇಂಗ್ಲಿಷಿಗೆ ತರುವಾಗಲೂ ಅವರು ಬೌದ್ಧ ಗ್ರಂಥಗಳನ್ನೇ ಸಾಕ್ಷಿಗೆ ಕರೆದರು. ಅವುಗಳಲ್ಲಿ ಬುದ್ಧನ ಸಮಕಾಲೀನನಾಗಿ, ಆಗಲೇ ಬೆಳೆದು ನಿಂತ ಸಂಘವೊಂದರ ನಾಯಕನಾಗಿ ಕಾಣಿಸುವ ನಿಗಂಠ ನಾತಪುತ್ತನೇ ವರ್ಧಮಾನ ಮಹಾವೀರ ಎಂದು ತೋರಿಸಿದರು. ಆ ಗ್ರಂಥಗಳಲ್ಲಿ ನಿಗಂಠರದೆಂದು ಹೇಳಿರುವ ಚಾತುರ್ಯಾಮವು ಪಾರ್ಶ್ವನಾಥರ ಪರಂಪರೆಗೆ ಸೇರಿದ್ದೆಂದೂ, ಆದ್ದರಿಂದ ಮಹಾವೀರರಿಗಿಂತ ಮೊದಲೇ ನಿರ್ಗ್ರಂಥ ಸಂಘವಿತ್ತೆಂದೂ ವಾದಿಸಿದರು.

ಗ್ರಂಥದ ಸಾಕ್ಷಿಗೆ ಮಣ್ಣಿನ ಸಾಕ್ಷಿಯೂ ಬೇಗನೆ ಕೂಡಿಬಂತು. ಮಥುರೆಯ ಕಂಕಾಲಿ ಟೀಲಾ ಎಂಬ ದಿಬ್ಬದಲ್ಲಿ 1888ರಿಂದ 1891ರವರೆಗೆ ನಡೆದ ಅಗೆತದಲ್ಲಿ ಜೈನ ಸ್ತೂಪವೊಂದರ ಅವಶೇಷಗಳೂ ನೂರಾರು ಶಿಲ್ಪಗಳೂ ಅನೇಕ ಶಾಸನಗಳೂ ದೊರೆತವು. ಕುಷಾಣರ ಕಾಲದ ಒಂದು ಶಾಸನವು ಅಲ್ಲಿಯ ಸ್ತೂಪವನ್ನು ದೇವನಿರ್ಮಿತವೆಂದು ಕರೆಯುತ್ತದೆ. ಎಂದರೆ ಆ ಹೊತ್ತಿಗಾಗಲೇ ಅದನ್ನು ಕಟ್ಟಿದವರಾರೆಂಬ ನೆನಪು ಮಾಸುವಷ್ಟು ಸ್ತೂಪವು ಹಳೆಯದಾಗಿತ್ತೆಂದು ವಿದ್ವಾಂಸರು ಅರ್ಥಮಾಡಿದರು. ಶಾಸನಗಳಲ್ಲಿ ಬಂದ ಗಣ, ಕುಲ, ಶಾಖೆಗಳ ಹೆಸರುಗಳು ಕಲ್ಪಸೂತ್ರದ ಗುರುಪರಂಪರೆಯ ಪಟ್ಟಿಯೊಡನೆ ಹೊಂದಿಕೊಳ್ಳುವುದನ್ನು ಜಾರ್ಜ್ ಬ್ಯೂಲರ್ ಅವರು ತೋರಿಸಿಕೊಟ್ಟರು. ಕಾಲದ ದೃಷ್ಟಿಯಿಂದ ನಂಬಲರ್ಹವಲ್ಲವೆಂದು ಬದಿಗಿಟ್ಟಿದ್ದ ಪಟ್ಟಿಯನ್ನು ಹದಿನೆಂಟು ಶತಮಾನಗಳ ಹಿಂದಿನ ಕಲ್ಲು ಸಮರ್ಥಿಸಿತು. ಸ್ತೂಪ ಕಂಡಲ್ಲೆಲ್ಲ ಬೌದ್ಧರದೆಂದು ಬರೆಯುವ ಅಭ್ಯಾಸದಿಂದ ಎಷ್ಟು ಜೈನ ಅವಶೇಷಗಳು ತಪ್ಪು ಹೆಸರಿನಲ್ಲಿ ಸೇರಿಹೋಗಿರಬಹುದೋ ಎಂದು ವಿನ್ಸೆಂಟ್ ಸ್ಮಿತ್ ಅವರು 1901ರಲ್ಲಿ ಶಂಕೆಯನ್ನು ವ್ಯಕ್ತಪಡಿಸಿದರು.

ಹಿಗ್ಗಿಸುವುದೂ ತಪ್ಪೇ

ಕುಗ್ಗಿಸಿದ ತಪ್ಪನ್ನು ನೋಡಿದ ಮೇಲೆ ಹಿಗ್ಗಿಸುವ ತಪ್ಪನ್ನೂ ನೋಡುವುದು ನ್ಯಾಯ. ಪುರಾತತ್ತ್ವವಿದ ರಮಾಪ್ರಸಾದ ಚಂದ ಅವರು 1932ರಲ್ಲಿ ಸಿಂಧೂ ಮುದ್ರೆಗಳ ಮೇಲೆ ನಿಂತಿರುವ ಆಕೃತಿಗಳಿಗೂ ಕಾಯೋತ್ಸರ್ಗದ ಜಿನಬಿಂಬಗಳಿಗೂ ಇರುವ ಹೋಲಿಕೆಯತ್ತ ಗಮನ ಸೆಳೆದರು. ಅದು ವಿಚಾರಮಾಡಬೇಕಾದ ಸೂಚನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಬಳಿಕ ಅದೇ ಸೂಚನೆಯು ಸಭೆಗಳಲ್ಲಿಯೂ ಪುಸ್ತಿಕೆಗಳಲ್ಲಿಯೂ ಸಿದ್ಧಾಂತವಾಗಿ ಬೆಳೆಯಿತು. ಆ ಲಿಪಿಯನ್ನು ಒಮ್ಮತವಾಗುವಂತೆ ಇನ್ನೂ ಯಾರೂ ಓದಿಲ್ಲ. ಓದದ ಮುದ್ರೆಯಿಂದ ಭಗವಾನ್ ವೃಷಭದೇವರ ಕಾಲವನ್ನು ಸ್ಥಾಪಿಸಲು ಹೊರಡುವುದು, ಹೋಲಿಕೆಯನ್ನು ನಂಬಿ ಜೈನಧರ್ಮವನ್ನು ಬೌದ್ಧಧರ್ಮದ ಕವಲೆಂದ ಪಂಡಿತರ ದಾರಿಯನ್ನೇ ಎದುರು ದಿಕ್ಕಿನಿಂದ ತುಳಿದಂತೆ. ತಕ್ಕಡಿಯಲ್ಲಿ ಕಡಿಮೆ ತೂಗುವುದು ಹೇಗೆ ಅಚೌರ್ಯವ್ರತಕ್ಕೆ ಭಂಗವೋ ಹೆಚ್ಚು ತೋರಿಸಿ ತೂಗುವುದೂ ಹಾಗೆಯೇ. ತೀರ್ಥಂಕರರ ಮೇಲಿನ ಶ್ರದ್ಧೆಗೆ ಪುರಾತತ್ತ್ವದ ಪ್ರಮಾಣಪತ್ರ ಬೇಕಾಗಿಲ್ಲ. ಪುರಾಣದ ಪಲ್ಯೋಪಮ, ಸಾಗರೋಪಮಗಳ ಎಣಿಕೆ ಬೇರೆ, ಉತ್ಖನನದ ಪದರಗಳ ಎಣಿಕೆ ಬೇರೆ. ಒಂದನ್ನು ಇನ್ನೊಂದರಿಂದ ಅಳೆಯಹೋದರೆ ಎರಡಕ್ಕೂ ಅನ್ಯಾಯವಾಗುತ್ತದೆ. ಒಂದು ದೃಷ್ಟಿಯಿಂದ ಕಂಡುದನ್ನೇ ಪೂರ್ಣಸತ್ಯವೆಂದು ಸಾಧಿಸಬಾರದೆಂಬ ಅನೇಕಾಂತದ ಎಚ್ಚರಿಕೆಯನ್ನು ಲೋಕಕ್ಕೆ ಕೊಟ್ಟ ಸಮಾಜವು ತನ್ನ ಚರಿತ್ರೆಯನ್ನು ಬರೆಯುವಾಗ ಅದನ್ನು ಮರೆಯಲಾಗದು.

ಸನ್ನತಿಯ ಪೀಠ

ಇಷ್ಟೆಲ್ಲ ತಿದ್ದುಪಡಿಗಳು ಸಾಧ್ಯವಾದದ್ದು ಸಾಕ್ಷಿಯು ಎಲ್ಲಿಯೋ ಉಳಿದಿದ್ದರಿಂದ. ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಬಂಡೆಯು ದೇವಾನಾಂಪ್ರಿಯನೇ ಅಶೋಕನೆಂಬುದನ್ನು ಹೆಸರಿನೊಡನೆ ಸಾರಿತು. 1837ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಅವರು ಆ ಬಿರುದು ಸಿಂಹಳದ ಅರಸನದೆಂದು ಮೊದಲು ತಿಳಿದಿದ್ದರು. ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಟರ್ನರ್ ಅವರು ಅದನ್ನು ತಿದ್ದಿದ್ದರೂ, ಅರಸನ ಹೆಸರೇ ಇರುವ ಬಂಡೆ ಅಲ್ಲಿಯವರೆಗೆ ದೊರೆತಿರಲಿಲ್ಲ.

ಭೀಮಾತೀರದ ಸನ್ನತಿಯಲ್ಲಿ ನಡೆದದ್ದು ಇನ್ನೂ ಹೃದಯಕ್ಕೆ ತಟ್ಟುವಂತಹುದು. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಮೇಲ್ಛಾವಣಿ ಕುಸಿದು ವಿಗ್ರಹವು ಸ್ಥಾನಪಲ್ಲಟವಾದಾಗ, ಅದರ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡುಬಂದವು. ಹಿಂದೆಂದೋ ಗುಡಿ ಕಟ್ಟಿದವರು ಚಪ್ಪಟೆಯಾದ ಒಳ್ಳೆಯ ಕಲ್ಲು ದೊರೆಯಿತೆಂದು ಅದನ್ನು ಪೀಠಕ್ಕೆ ಬಳಸಿದ್ದರು, ವಿಗ್ರಹವನ್ನು ನಿಲ್ಲಿಸಲು ನಡುವೆ ಕಂಡಿ ಕೊರೆದಿದ್ದರು. ಅವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಆ ಕಂಡಿಯಲ್ಲಿ ಹೋದ ಅಕ್ಷರಗಳು ಮರಳಿ ಬರಲಾರವು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆಯು ನಡೆಸಿದ ಉತ್ಖನನದಲ್ಲಿ ಮಹಾಸ್ತೂಪವೇ ಹೊರಬಂದು, ಅಶೋಕನ ಹೆಸರು ಕೊರೆದ ಅವನ ಶಿಲ್ಪವೂ ದೊರೆಯಿತು. ಪಾಳುದಿಬ್ಬವೆಂದು ಅದನ್ನು ಮೊದಲೇ ಸಮತಟ್ಟು ಮಾಡಿದ್ದರೆ ಆ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ಸಮಾಜದ ಕರ್ತವ್ಯ

ಬಸದಿಯ ಪ್ರತಿಷ್ಠಾ ಮಹೋತ್ಸವದ ಶುಭಸಂದರ್ಭದಲ್ಲಿ ಸನ್ನತಿಯ ಪೀಠವನ್ನು ನೆನೆಯುವುದಕ್ಕೆ ಕಾರಣವಿದೆ. ಕಲಬುರಗಿ ಸೀಮೆಯಲ್ಲಿ ಜೈನಧರ್ಮದ ಗತವೈಭವಕ್ಕೆ ಇಂದು ಉಳಿದಿರುವ ಖಚಿತ ಸಾಕ್ಷಿಗಳೆಂದರೆ ಶಾಸನಗಳು, ಬಿಂಬಗಳ ಪಾದಪೀಠದ ಬರಹಗಳು, ಹಳೆಯ ಕಂಬ ಬಾಗಿಲುವಾಡಗಳು. ಪಿ. ಬಿ. ದೇಸಾಯಿಯವರು ಮಳಖೇಡ, ಸೇಡಂ, ಹರಸೂರು, ಹುಣಸಿ ಹಡಗಲಿ ಮೊದಲಾದ ಊರುಗಳಲ್ಲಿ ಇಂತಹ ಶಾಸನಗಳನ್ನು ಹುಡುಕಿ ಓದಿ, ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ತಮ್ಮ ಗ್ರಂಥದಲ್ಲಿ ಸೇರಿಸಿದರು. 1957ರಲ್ಲಿ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಅದನ್ನು ಪ್ರಕಟಿಸಿತು. ಶಾಸನದಲ್ಲಿ ಶಕವರ್ಷ, ಸಂವತ್ಸರ, ತಿಥಿ, ದಾನಿಯ ಹೆಸರು, ಮುನಿಗಳ ಪರಂಪರೆ ಎಲ್ಲವೂ ಕಿರ್ದಿಯಲ್ಲಿ ಬರೆದಂತೆ ಇರುತ್ತವೆ. ಜೇವರ್ಗಿಯ ಕಲ್ಲುಗೋರಿಯ ಮೂಕಸಾಕ್ಷಿಯನ್ನು ಮಾತನಾಡಿಸಲು ನೂರು ವರ್ಷ ಬೇಕಾಯಿತು. ಮಾತನಾಡುತ್ತಿರುವ ಸಾಕ್ಷಿಯ ಬಾಯನ್ನು ಸ್ವಂತ ಕೈಯಿಂದಲೇ ಮುಚ್ಚಿದರೆ ಅದಕ್ಕೆ ಯಾವ ಪರದೇಶದ ಪಂಡಿತನೂ ಹೊಣೆಯಲ್ಲ.

ಜೀರ್ಣೋದ್ಧಾರವು ಮಹಾಪುಣ್ಯದ ಕಾರ್ಯ. ಹೊಸದಾಗಿ ಕಟ್ಟಿಸುವುದಕ್ಕಿಂತ ಹಳೆಯದನ್ನು ಎತ್ತಿ ನಿಲ್ಲಿಸುವುದು ಮೇಲೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಉದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗೆ ಎಣ್ಣೆಬಣ್ಣ ಬಳಿಯುವುದು, ಅಕ್ಷರವಿರುವ ಕಲ್ಲಿನ ಮೇಲೆ ಗ್ರಾನೈಟು ಹಾಸುವುದು, ಸವೆದ ಪಾದಪೀಠವನ್ನು ಯಂತ್ರದಿಂದ ತಿಕ್ಕಿ ನುಣುಪು ಮಾಡುವುದು, ಭಗ್ನಬಿಂಬಗಳನ್ನು ಹೊಳೆಗೆ ಬಿಡುವುದು ಅನೇಕ ಕಡೆಗಳಲ್ಲಿ ನಡೆದುಹೋಗಿದೆ. ಇವುಗಳನ್ನು ತಪ್ಪಿಸಲು ದೊಡ್ಡ ಖರ್ಚೇನೂ ಬೇಕಾಗಿಲ್ಲ. ಕೆಲಸ ಆರಂಭಿಸುವ ಮೊದಲು ಇದ್ದುದೆಲ್ಲದರ ಛಾಯಾಚಿತ್ರ ತೆಗೆಸಬೇಕು. ಅಸ್ತಿಭಾರ ತೋಡುವಾಗ ಬಿಂಬವಾಗಲಿ ಮಡಕೆಯಾಗಲಿ ನಾಣ್ಯವಾಗಲಿ ದೊರೆತರೆ, ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ ದೊರೆಯಿತೆಂಬುದನ್ನು ಅಂದೇ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸ್ಥಳ ಮತ್ತು ಆಳ ತಿಳಿಯದ ವಸ್ತು ದಿನಾಂಕವಿಲ್ಲದ ಹುಂಡಿಯಂತೆ, ಬೆಲೆಯಿದ್ದರೂ ಸಲ್ಲದು. ಅಕ್ಷರವಿರುವ ಕಲ್ಲನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಬದಿಗೆ ನಿಲ್ಲಿಸಿ, ಪುರಾತತ್ತ್ವ ಇಲಾಖೆಗೂ ಶಾಸನತಜ್ಞರಿಗೂ ತಿಳಿಸಿದರೆ ಅವರು ಪಡಿಯಚ್ಚು ತೆಗೆದು ಓದುತ್ತಾರೆ. 1972ರ ಪ್ರಾಚ್ಯವಸ್ತು ಕಾಯಿದೆಯು ನೂರು ವರ್ಷಕ್ಕೆ ಮೀರಿದ ಶಿಲ್ಪಗಳಿಗೆ ರಕ್ಷಣೆ ಕೊಟ್ಟಿದೆ. ಹೊಲದ ಬದುವಿನಲ್ಲಿರುವ ಕಲ್ಲುವೃತ್ತವನ್ನೂ ಊರ ಹೊರಗಿನ ಹಾಳೂರ ದಿಬ್ಬವನ್ನೂ ಜೈನರದಲ್ಲವೆಂದು ಉದಾಸೀನ ಮಾಡದೆ ಉಳಿಸಬೇಕು. ಈ ನೆಲದಲ್ಲಿ ಮೊದಲು ಬಾಳಿದವರ ಖಾತೆಯೂ ಇದೇ ನೆಲದ ಪುಸ್ತಕದಲ್ಲಿದೆ.

ಟೇಲರ್ ಅವರ ಊಹೆಗಳನ್ನು ಇಂದು ಯಾರೂ ಒಪ್ಪುವುದಿಲ್ಲ. ಅವರು ಬರೆದಿಟ್ಟ ಅಡ್ಡಕೊಯ್ತದ ಚಿತ್ರಗಳನ್ನು ಇಂದಿಗೂ ಎಲ್ಲರೂ ಗೌರವಿಸುತ್ತಾರೆ. ಅಭಿಪ್ರಾಯಗಳು ಬಂದು ಹೋಗುತ್ತವೆ, ಪ್ರಾಮಾಣಿಕವಾಗಿ ದಾಖಲಿಸಿದ ಸಾಕ್ಷಿ ಮಾತ್ರ ಮುಂದಿನವರ ಕೈಗೆ ಸಿಗುತ್ತದೆ. ಇಂದು ಪ್ರತಿಷ್ಠೆಗೊಳ್ಳುವ ಬಿಂಬದ ಪೀಠದ ಮೇಲೆ ತಿಥಿ, ವರ್ಷ, ದಾನಿಗಳ ಹೆಸರು ಸ್ಪಷ್ಟವಾಗಿ ಕೆತ್ತಲ್ಪಡಲಿ, ಅದರ ಬಳಿಯಲ್ಲಿಯೇ ಹಳೆಯ ಬಸದಿಯ ಒಂದು ಕಲ್ಲೂ ತನ್ನ ಅಕ್ಷರಗಳೊಡನೆ ಉಳಿದಿರಲಿ. ಸಾವಿರ ವರ್ಷಗಳ ಮೇಲೆ ಭೀಮಾತೀರಕ್ಕೆ ಬರುವ ಶೋಧಕನು ಈ ಸಮಾಜದ ಕಾಲವನ್ನು ಊಹಿಸಬೇಕಾಗದಿರಲಿ, ಓದಿ ತಿಳಿಯುವಂತಾಗಲಿ.